ಗ್ಯಾಲರಿಗಳ ನಡುವೆ ಊಟದ ಕೋಣೆ: ಲಂಡನ್ ಮ್ಯೂಸಿಯಂಗಳಲ್ಲಿ ಮಧ್ಯಾಹ್ನ

ಮ್ಯೂಸಿಯಂ ನೋಡಲು ಹೋದವರು ಮೊದಲು ಸೋಲುವುದು ಕಾಲಿಗೆ, ಆಮೇಲೆ ಹೊಟ್ಟೆಗೆ. ಬೆಳಿಗ್ಗೆ ಹತ್ತಕ್ಕೆ ಹುರುಪಿನಿಂದ ಒಳಹೊಕ್ಕವರು ಹನ್ನೆರಡೂವರೆಯ ಹೊತ್ತಿಗೆ ಗಾಜಿನ ಪೆಟ್ಟಿಗೆಗಳನ್ನು ಬಿಟ್ಟು ಬೆಂಚು ಹುಡುಕತೊಡಗುತ್ತಾರೆ. ಲಂಡನ್ನಿನಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋಗುವ ನಮ್ಮ ಕಡೆಯ ಹಿರಿಯರ ವಿಷಯದಲ್ಲಿ ಇದು ಇನ್ನೂ ನಿಜ. ಹೊರಗೆ ತಿನ್ನಲು ಏನು ಸಿಗುತ್ತದೋ ಎಂಬ ಅಳುಕು, ಪೌಂಡಿನ ಲೆಕ್ಕ, ಮಂಡಿನೋವು ಎಲ್ಲ ಸೇರಿ ‘ಮನೆಗೇ ಹೋಗಿ ಊಟ ಮಾಡೋಣ’ ಎಂದು ಒಂದು ಗಂಟೆಗೇ ಹೊರಟುಬಿಡುತ್ತಾರೆ. ಅರ್ಧ ಮ್ಯೂಸಿಯಂ ನೋಡದೆ ಉಳಿಯುತ್ತದೆ, ಮತ್ತೆ ಹೋಗುವ ಯೋಗ ಎಲ್ಲರಿಗೂ ಬರುವುದಿಲ್ಲ.

ಲಂಡನ್ನಿನ ಕೆಲವು ಮ್ಯೂಸಿಯಂಗಳಲ್ಲಿ ಊಟದ ಕೋಣೆಯೂ ನೋಡಬೇಕಾದ ಕೋಣೆಗಳಲ್ಲೊಂದು. ಊಟವನ್ನು ಅಲ್ಲಿಗೇ ಇಟ್ಟುಕೊಂಡು, ಯಾವ ಹೊತ್ತಿಗೆ ಕೂರಬೇಕು, ಎಲ್ಲಿ ಕೂರಬೇಕು, ಏನು ಕೇಳಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡು ಹೋದರೆ ಇಡೀ ದಿನ ಕೈಗೆ ಸಿಗುತ್ತದೆ. ಅದಕ್ಕೆ ಒಂದೇ ಜಾಗ ಆರಿಸಿ ಎಂದರೆ ನಾನು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎನ್ನುತ್ತೇನೆ. ಎಲ್ಲರ ಬಾಯಲ್ಲೂ ಅದು ‘ವಿ ಆ್ಯಂಡ್ ಎ’. ಮ್ಯೂಸಿಯಂ ಒಳಗೊಂದು ರೆಸ್ಟೋರೆಂಟ್ ಇಟ್ಟದ್ದು ಜಗತ್ತಿನಲ್ಲೇ ತಾನು ಮೊದಲು ಎಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ಪ್ರವೇಶ ಉಚಿತ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಅಂದರೆ ಊಟಕ್ಕೆಂದೇ ಒಳಗೆ ಹೋದರೂ ಯಾರೂ ತಡೆಯುವುದಿಲ್ಲ.

ಹಸಿದವರಿಗೆ ಕಲೆ ಕಾಣುವುದಿಲ್ಲ ಎಂದು ತಿಳಿದಿದ್ದವರು

ಈ ಕೋಣೆಗಳ ಹಿಂದಿನ ಕಥೆ ಗೊತ್ತಿದ್ದರೆ ಅಲ್ಲಿ ಕುಡಿಯುವ ಚಹಾದ ರುಚಿಯೇ ಬೇರೆ. 1851ರಲ್ಲಿ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ಮಹಾ ಪ್ರದರ್ಶನ ನಡೆಯಿತು. ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ಅದರ ಬೆನ್ನಿಗಿದ್ದರೆ, ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿ ಮುಂದೆ ನಿಂತು ನಡೆಸಿದವರಲ್ಲಿ ಪ್ರಮುಖ. ಆರು ತಿಂಗಳೊಳಗೆ ಅರುವತ್ತು ಲಕ್ಷ ಪ್ರವೇಶಗಳಾದವು. ಅಲ್ಲಿ ಮದ್ಯ ಮಾರುವಂತಿರಲಿಲ್ಲ. ಆದರೂ ಹತ್ತು ಲಕ್ಷಕ್ಕೂ ಹೆಚ್ಚು ಬಾಟಲಿ ಸೋಡಾ, ಲೆಮನೇಡ್ ತರಹದ ಪಾನೀಯಗಳು ಖರ್ಚಾದವು, ಬಾತ್ ಬನ್ ಎಂಬ ಸಿಹಿ ಬನ್ನುಗಳು ಲಕ್ಷಗಟ್ಟಲೆ ಮಾರಿಹೋದವು. ನೋಡಲು ಬಂದ ಜನಕ್ಕೆ ತಿನ್ನಲೂ ಬೇಕು ಎಂಬುದು ಕೋಲ್‌ಗೆ ಅಂಕಿಅಂಶದಲ್ಲೇ ಗೊತ್ತಾಯಿತು.

ಪ್ರದರ್ಶನದ ಲಾಭದಲ್ಲಿ ಕೊಂಡ ಸೌತ್ ಕೆನ್ಸಿಂಗ್ಟನ್ ಜಮೀನಿನಲ್ಲಿ 1857ರಲ್ಲಿ ಹೊಸ ಮ್ಯೂಸಿಯಂ ಬಾಗಿಲು ತೆರೆಯಿತು, ಕೋಲ್ ಅದರ ಮೊದಲ ನಿರ್ದೇಶಕರಾದರು. ಹಗಲೆಲ್ಲ ದುಡಿಯುವವರು ಸಂಜೆ ಬರಲಿ ಎಂದು ಗ್ಯಾಸ್ ದೀಪ ಹಾಕಿಸಿ ರಾತ್ರಿಯೂ ತೆರೆದಿಟ್ಟರು. ಕಾರ್ಮಿಕನೊಬ್ಬ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೆಂಡದಂಗಡಿಯ ಬದಲು ಇಲ್ಲಿಗೆ ಬರಬೇಕು, ಬಂದಮೇಲೆ ಏನಾದರೂ ತಿಂದು ಸುಧಾರಿಸಿಕೊಂಡು ನೋಡಬೇಕು ಎಂಬುದು ಅವರ ಆಸೆ. 1860ರ ದಶಕದಲ್ಲಿ ಕಟ್ಟಿಸಿದ ಊಟದ ಕೋಣೆಗಳು ಆಗಿನ ಮುಖ್ಯದ್ವಾರದ ಹಿಂಬದಿಗೇ ಇದ್ದವು. ಒಳಗೆ ಬಂದವರಿಗೆ ಮೊದಲು ಎದುರಾಗುತ್ತಿದ್ದದ್ದೇ ಊಟದ ಏರ್ಪಾಡು.

ಈ ಉದಾರತೆಗೂ ಅಂದಿನ ಸಮಾಜದ ಗೆರೆಗಳಿದ್ದವು. ಮೊದಲ ದರ್ಜೆಗೊಂದು ಊಟದ ಪಟ್ಟಿ, ಎರಡನೆಯ ದರ್ಜೆಗೊಂದು, ಕಟ್ಟಡದ ಕೆಲಸಗಾರರಿಗೆ ಮತ್ತು ಬಡ ಸಂದರ್ಶಕರಿಗೆ ಮೂರನೆಯದು. ಕಲೆ ಎಲ್ಲರಿಗೂ ಒಂದೇ, ತಟ್ಟೆ ಮಾತ್ರ ಬೇರೆ ಬೇರೆ. ಇಂದು ಒಂದೇ ಸಾಲಿನಲ್ಲಿ ಟ್ರೇ ಹಿಡಿದು ನಿಲ್ಲುವಾಗ ಇದನ್ನು ನೆನೆಯುವುದು ಒಳ್ಳೆಯದು.

ಮೂರು ಕೋಣೆ, ಮೂರು ಸ್ವಭಾವ

ಕೆಫೆಗೆ ಸೇರಿದ ಹಳೆಯ ಕೋಣೆಗಳು ಮೂರು. ಬಹಳ ವರ್ಷ ಬೇರೆ ಕೆಲಸಗಳಿಗೆ ಬಳಕೆಯಾಗಿ, 2006ರಲ್ಲಿ ಮತ್ತೆ ಊಟದ ಕೋಣೆಗಳಾದವು. ಕೌಂಟರಿನಲ್ಲಿ ತಿಂಡಿ ತೆಗೆದುಕೊಂಡು, ದುಡ್ಡು ಕೊಟ್ಟು, ಟ್ರೇ ಹಿಡಿದು ಇಷ್ಟ ಬಂದ ಕಡೆ ಕೂರುವ ಪದ್ಧತಿ. ಹೆಚ್ಚಿನವರು ಸಿಕ್ಕಿದ ಮೊದಲ ಕುರ್ಚಿಯಲ್ಲಿ ಕೂತು ಉಳಿದ ಕೋಣೆಗಳ ಕಡೆ ತಲೆಯನ್ನೂ ಹಾಕದೆ ಎದ್ದು ಹೋಗುತ್ತಾರೆ. ಸಾಲಿಗೆ ನಿಲ್ಲುವ ಮೊದಲು ಐದು ನಿಮಿಷ ಮೂರನ್ನೂ ಸುತ್ತಿ ಬನ್ನಿ, ಆಮೇಲೆ ಆರಿಸಿ.

ನಡುವಿನದು ಗ್ಯಾಂಬಲ್ ಕೋಣೆ. ಜೇಮ್ಸ್ ಗ್ಯಾಂಬಲ್ ಎಂಬ ಕಲಾವಿದನ ಹೆಸರು ಅದಕ್ಕೆ. ವಿನ್ಯಾಸದಲ್ಲಿ ಗಾಡ್‌ಫ್ರೀ ಸೈಕ್ಸ್ ಎಂಬಾತನ ಕೈವಾಡವೂ ದೊಡ್ಡದು, ಆತ ಕೆಲಸ ಮುಗಿಯುವ ಮೊದಲೇ 1866ರಲ್ಲಿ ತೀರಿಕೊಂಡ. ಕಂಬ, ಗೋಡೆ, ಕಮಾನು ಎಲ್ಲವೂ ಮಿಂಟನ್ ಕಂಪನಿಯ ಬಣ್ಣದ ಪಿಂಗಾಣಿ. ಮೇಲ್ಛಾವಣಿ ಎನಾಮಲ್ ಹಾಕಿದ ಕಬ್ಬಿಣದ ತಗಡು. ಶ್ರೀಮಂತಿಕೆಯಂತೆ ಕಂಡರೂ ಇದರ ಹಿಂದೆ ಅಡುಗೆಮನೆಯ ವಿವೇಕವಿದೆ. ಗ್ಯಾಸ್ ದೀಪದ ಮಸಿ, ಆವಿ, ಎಣ್ಣೆಯ ಜಿಡ್ಡು ಹಿಡಿಯುವ ಜಾಗ, ಬೆಂಕಿಯ ಭಯ ಬೇರೆ. ಪಿಂಗಾಣಿಯಾದರೆ ಒರೆಸಿದರೆ ಹೋಗುತ್ತದೆ, ಕಬ್ಬಿಣಕ್ಕೆ ಬೆಂಕಿ ಹತ್ತುವುದಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಓಡುವ ದೊಡ್ಡ ಅಕ್ಷರಗಳ ಪಟ್ಟಿ ಸೈಕ್ಸ್ ರೂಪಿಸಿದ ಅಕ್ಷರಮಾಲೆಯದು. ಒಂದೊಂದು ಅಕ್ಷರದ ಸಂದಿನಲ್ಲೂ ಪುಟ್ಟ ಪುಟ್ಟ ಮಕ್ಕಳು ಆಡುತ್ತಿದ್ದಾರೆ. ಬರೆದಿರುವುದು ಬೈಬಲ್ಲಿನ ಹಳೆಯ ಒಡಂಬಡಿಕೆಯಿಂದ ಆರಿಸಿದ, ಉಣ್ಣುವ ಕುಡಿಯುವ ವಿಚಾರದ ಮಾತು. ಜತೆಗಿದ್ದ ಮೊಮ್ಮಕ್ಕಳಿಗೆ ಅಕ್ಷರಗಳನ್ನು ಹುಡುಕಿ ಕೂಡಿಸುವ ಕೆಲಸ ಕೊಟ್ಟರೆ ದೊಡ್ಡವರಿಗೆ ಹದಿನೈದು ನಿಮಿಷ ನೆಮ್ಮದಿ. ವಾರಾಂತ್ಯದಲ್ಲಿ ಕೆಲವೊಮ್ಮೆ ಪಿಯಾನೊ ನುಡಿಸುವವರೂ ಇರುತ್ತಾರೆ. ಗದ್ದಲ ಜಾಸ್ತಿ, ಪಿಂಗಾಣಿಯ ಗೋಡೆಗೆ ಬಡಿದ ಮಾತು ವಾಪಸು ಬರುತ್ತದೆ. ಕಿವಿ ಮಂದವಾದವರ ಜೊತೆ ಇಲ್ಲಿ ಕೂತು ಮಾತಾಡುವುದು ಕಷ್ಟ.

ಅಂಥವರನ್ನು ಪಕ್ಕದ ಹಸಿರು ಕೋಣೆಗೆ ಕರೆದುಕೊಂಡು ಹೋಗಿ. ಮೂರರಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಇದನ್ನು ಮಾಡಿದ್ದು ವಿಲಿಯಂ ಮಾರಿಸ್ ಮತ್ತವರ ಗೆಳೆಯರು. ಮಾರಿಸ್‌ರ ಕಂಪನಿ ಶುರುವಾದದ್ದು 1861ರಲ್ಲಿ, ಈ ಕೋಣೆ ಮುಗಿಯುವಾಗ ಅದಕ್ಕೆ ಏಳೆಂಟು ವರ್ಷ. ಅಂಥ ಎಳೆಯ ಕಂಪನಿಗೆ ಸರ್ಕಾರಿ ಮ್ಯೂಸಿಯಂನ ಊಟದ ಕೋಣೆಯನ್ನೇ ಒಪ್ಪಿಸುವ ಧೈರ್ಯ ಕೋಲ್‌ರದ್ದು. ಗೋಡೆಯ ತುಂಬ ಆಲಿವ್ ಮರದ ಕೊಂಬೆಗಳನ್ನು ಗಾರೆಯಲ್ಲಿ ಉಬ್ಬಿಸಿ ಹಸಿರು ಬಳಿದಿದ್ದಾರೆ. ಅದರ ಮೇಲಿನ ಪಟ್ಟಿಯಲ್ಲಿ ಬೇಟೆನಾಯಿಗಳು ಮೊಲದ ಬೆನ್ನು ಹತ್ತಿವೆ. ಒಟ್ಟು ವಿನ್ಯಾಸ ಫಿಲಿಪ್ ವೆಬ್‌ರದ್ದು, ಕಿಟಕಿಯ ಬಣ್ಣದ ಗಾಜಿನಲ್ಲಿರುವ ಹೆಂಗಸರು ಎಡ್ವರ್ಡ್ ಬರ್ನ್-ಜೋನ್ಸ್ ಕಲ್ಪನೆ. ಬೆಳಕು ಕಡಿಮೆ, ಸದ್ದೂ ಕಡಿಮೆ. ಒಬ್ಬರೇ ಬಂದವರಿಗೆ, ಇಬ್ಬರು ಕೂತು ನಿಧಾನವಾಗಿ ಮಾತಾಡಬೇಕಾದವರಿಗೆ ಹೇಳಿ ಮಾಡಿಸಿದ ಜಾಗ.

ಇನ್ನೊಂದು ಬದಿಯದು ಪಾಯಿಂಟರ್ ಕೋಣೆ, ನೀಲಿ ಟೈಲ್ಸಿನದು. ಎಡ್ವರ್ಡ್ ಪಾಯಿಂಟರ್ ರೂಪಿಸಿದ ಈ ಕೋಣೆ ಮೊದಲು ಗ್ರಿಲ್ ರೂಮ್ ಆಗಿತ್ತು, ಗಿರಾಕಿಗಳ ಕಣ್ಣೆದುರೇ ಮಾಂಸ ಸುಡುತ್ತಿದ್ದರು. ಅದರ ಕಬ್ಬಿಣದ ಒಲೆ ಇಂದೂ ಇದೆ. ಗೋಡೆಯ ಟೈಲ್ಸ್ ಮೇಲೆ ಋತುಗಳ, ತಿಂಗಳುಗಳ ಚಿತ್ರಗಳನ್ನು ಬರೆದವರು ಅಲ್ಲೇ ಇದ್ದ ಕಲಾಶಾಲೆಯ ವಿದ್ಯಾರ್ಥಿನಿಯರು. ಸಾರ್ವಜನಿಕ ಕಟ್ಟಡದ ಕೆಲಸ ಹೆಂಗಸರ ಕೈಗೆ ಬರುವುದೇ ಅಪರೂಪವಾಗಿದ್ದ ಕಾಲ ಅದು. ನಿಮ್ಮ ಮೇಜಿನ ಪಕ್ಕದ ಟೈಲನ್ನು ಹತ್ತಿರದಿಂದ ನೋಡಿ, ಒಬ್ಬೊಬ್ಬರ ಕುಂಚದ ಬೀಸು ಒಂದೊಂದು ಥರ.

ಹವೆ ಚೆನ್ನಾಗಿದ್ದರೆ ಒಳಗೆ ಕೂರಲೇಬೇಕೆಂದಿಲ್ಲ. ಕೋಣೆಗಳ ಮುಂದೆಯೇ ಕೆಂಪು ಇಟ್ಟಿಗೆಯ ಗೋಡೆಗಳಿಂದ ಸುತ್ತುವರಿದ ಅಂಗಳವಿದೆ. ನಡುವೆ ಮೊಣಕಾಲೂ ಮುಳುಗದ ಅಂಡಾಕಾರದ ಕೊಳ. ಬೇಸಿಗೆಯಲ್ಲಿ ಚಿಕ್ಕ ಮಕ್ಕಳು ಅದರಲ್ಲಿ ಇಳಿದು ಕುಣಿಯುತ್ತಾರೆ, ಕಾವಲಿನವರು ಗದರಿಸುವುದಿಲ್ಲ. ಮಕ್ಕಳಿಗೆ ಒಂದು ಜೊತೆ ಒಣ ಬಟ್ಟೆ ಒಯ್ಯಿರಿ. ಅಂಗಳದ ಗೋಡೆಯಲ್ಲಿ ಹೆನ್ರಿ ಕೋಲ್‌ರ ನಾಯಿ ಜಿಮ್ ನೆನಪಿಗೆ ಒಂದು ಸಣ್ಣ ಫಲಕವಿದೆ, 1879ರಲ್ಲಿ ಸತ್ತದ್ದು ಎಂದು ಇಸವಿ ಸಹಿತ. ಕಟ್ಟಡದ ಕೆಲಸ ನೋಡಲು ಕೋಲ್ ಬರುವಾಗ ಜೊತೆಗೆ ಬರುತ್ತಿದ್ದ ನಾಯಿ ಅದು.

ಯಾವಾಗ ಹೋಗಬೇಕು

ಮ್ಯೂಸಿಯಂ ದಿನವೂ 10ಕ್ಕೆ ತೆರೆದು ಸಂಜೆ 5.45ಕ್ಕೆ ಮುಚ್ಚುತ್ತದೆ. ಶುಕ್ರವಾರ ಮಾತ್ರ ರಾತ್ರಿ 10ರವರೆಗೆ. ಕೆಫೆ ತುಂಬಿ ತುಳುಕುವುದು ಹನ್ನೆರಡೂವರೆಯಿಂದ ಎರಡರವರೆಗೆ. ಶನಿವಾರ, ಭಾನುವಾರಗಳಲ್ಲಿ, ಅಕ್ಟೋಬರ್ ಕೊನೆ, ಫೆಬ್ರುವರಿ ನಡು, ಮೇ ಕೊನೆಯಲ್ಲಿ ಬರುವ ಶಾಲೆಗಳ ಮಧ್ಯಂತರ ರಜೆಯಲ್ಲಿ ಸಾಲು ಇನ್ನೂ ಉದ್ದ. ಆ ಹೊತ್ತಿನಲ್ಲಿ ಹೋದರೆ ಕೋಣೆಯ ಅಂದ ನೋಡುವ ವ್ಯವಧಾನ ಉಳಿಯುವುದಿಲ್ಲ, ಖಾಲಿ ಕುರ್ಚಿಗಾಗಿ ಟ್ರೇ ಹಿಡಿದು ತಿರುಗುವುದೇ ಆಗುತ್ತದೆ.

ನನ್ನ ಸಲಹೆ ಎರಡು ರೀತಿಯದು. ಮನೆಯಲ್ಲಿ ಬೆಳಿಗ್ಗೆ ಬರೀ ಕಾಫಿ ಕುಡಿದು ಹೊರಟವರು ಬಾಗಿಲು ತೆರೆದ ಕೂಡಲೇ ನೇರ ಕೆಫೆಗೆ ಹೋಗಿ. ಹತ್ತೂಕಾಲರಲ್ಲಿ ಗ್ಯಾಂಬಲ್ ಕೋಣೆ ಹೆಚ್ಚುಕಮ್ಮಿ ನಿಮ್ಮದೇ. ಬ್ರಂಚ್ ಎಂದು ಅವರು ಕರೆಯುವ ಈ ಹೊತ್ತುಮೀರಿದ ತಿಂಡಿ ನಮ್ಮ ಮನೆಗಳಲ್ಲಿ ಭಾನುವಾರ ಹತ್ತೂವರೆಗೆ ದೋಸೆ ತಿಂದು ಮಧ್ಯಾಹ್ನದ ಊಟವನ್ನು ಮೂರಕ್ಕೆ ತಳ್ಳುವ ಪದ್ಧತಿಯೇ. ಹೊಟ್ಟೆಗೆ ಆಧಾರವಾದ ಮೇಲೆ ಎರಡೂವರೆವರೆಗೆ ಎಲ್ಲೂ ಕೂರದೆ ನೋಡಬಹುದು. ಇನ್ನು ಹೊಟ್ಟೆ ತುಂಬ ತಿಂಡಿ ತಿಂದೇ ಹೊರಡುವವರು ಮೊದಲು ಗ್ಯಾಲರಿ ನೋಡಿ, ಹನ್ನೆರಡಕ್ಕೆ ಮೊದಲು ಅಥವಾ ಎರಡೂಕಾಲರ ನಂತರ ಊಟಕ್ಕೆ ಬನ್ನಿ. ತಡ ಮಾಡಿ ಬಂದರೆ ಬಿಸಿ ಅಡುಗೆಯಲ್ಲಿ ಕೆಲವು ಬಗೆ ಮುಗಿದಿರಬಹುದು, ಸೂಪು, ಸ್ಯಾಂಡ್‌ವಿಚ್, ಕೇಕು ಸಿಗುತ್ತವೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ತಡದ ಊಟವನ್ನು ಆರಿಸಬೇಡಿ. ಚೀಲದಲ್ಲಿ ಒಂದೆರಡು ಬಿಸ್ಕತ್ತು, ನೀರು ಇರಲಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಮಕ್ಕಳಿದ್ದರೆ ನೀವು ಬೆಳಿಗ್ಗೆ ಹೋಗುವುದು ಎದುರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಡೈನೋಸಾರ್‌ಗಳಿಗೆ ಅಥವಾ ಪಕ್ಕದ ಸೈನ್ಸ್ ಮ್ಯೂಸಿಯಂಗೆ. ಅಲ್ಲೂ ಊಟದ ಜಾಗಗಳಿವೆ, ಆದರೆ ಮಧ್ಯಾಹ್ನ ಮಕ್ಕಳ ಸಂತೆ. ಮೂರೂ ಎಕ್ಸಿಬಿಷನ್ ರೋಡಿನ ಆಚೀಚೆ, ಮೂರಕ್ಕೂ ಪ್ರವೇಶ ಉಚಿತ. ಎಲ್ಲಿ ನೋಡಿದಿರೋ ಅಲ್ಲೇ ಉಣ್ಣಬೇಕೆಂಬ ನಿಯಮವಿಲ್ಲ. ರಸ್ತೆ ದಾಟಿ ವಿ ಆ್ಯಂಡ್ ಎಗೆ ಬನ್ನಿ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆ

ಇಂಗ್ಲೆಂಡಿನಲ್ಲಿ ಸಸ್ಯಾಹಾರ ಸಿಗುವುದು ಈಗ ಕಷ್ಟವಲ್ಲ. ಕಷ್ಟ ಇರುವುದು ಅವರ ಸಸ್ಯಾಹಾರಕ್ಕೂ ನಮ್ಮ ಸಸ್ಯಾಹಾರಕ್ಕೂ ಇರುವ ವ್ಯತ್ಯಾಸದಲ್ಲಿ. ಅವರ ‘ವೆಜಿಟೇರಿಯನ್’ ಗುರುತಿನ ತಿಂಡಿಯಲ್ಲಿ ಮೊಟ್ಟೆ ಇರಬಹುದು. ಕೌಂಟರಿನಲ್ಲಿ ನೋಡಲು ತರಕಾರಿ ಕಡುಬಿನಂತೆ ಕಾಣುವ ಕೀಶ್‌ನ ಮೈಯೆಲ್ಲ ಮೊಟ್ಟೆಯೇ. ಸ್ಯಾಂಡ್‌ವಿಚ್ಚಿನ ಮೇಯನೇಸ್, ಬಹುತೇಕ ಕೇಕುಗಳು, ಹೊಳಪಿಗಾಗಿ ಪಫ್ ಮೇಲೆ ಸವರಿದ ಲೇಪ, ಎಲ್ಲದರಲ್ಲೂ ಅದೇ. ಮೊಟ್ಟೆ ತಿನ್ನದವರಿಗೆ ಸುಲಭದ ದಾರಿ ‘ವೀಗನ್’ ಗುರುತು ಹುಡುಕುವುದು. ಅದರಲ್ಲಿ ಹಾಲೂ ಇರುವುದಿಲ್ಲ, ಮೊಟ್ಟೆಯೂ ಇರುವುದಿಲ್ಲ. ಹಾಲು ನಿಮಗೆ ಬೇಕಾದರೆ ಚಹಾದಲ್ಲಿ ಸೇರಿಸಿಕೊಳ್ಳಿ.

ಪಟ್ಟಿಯಲ್ಲಿ ಕಾಣದ ಕೆಲವು ವಸ್ತುಗಳಿವೆ. ತರಕಾರಿ ಸೂಪಿಗೆ ಕೋಳಿಯ ಸ್ಟಾಕ್ ಹಾಕಿರಬಹುದು. ಪಾರ್ಮೆಜಾನ್ ಚೀಸ್ ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಪಾಸ್ತಾ ಮೇಲೆ ಉದುರಿಸುವುದು ಸಾಮಾನ್ಯವಾಗಿ ಅದನ್ನೇ. ವೂಸ್ಟರ್ ಸಾಸ್‌ನಲ್ಲಿ ಆಂಚೊವಿ ಎಂಬ ಮೀನು ಇರುತ್ತದೆ. ಜೆಲ್ಲಿ, ಮಾರ್ಷ್‌ಮೆಲೋ, ಕೆಲವು ಮೂಸ್‌ಗಳಲ್ಲಿ ಜೆಲಟಿನ್. ಇದನ್ನೆಲ್ಲ ಕೇಳಲು ಸಂಕೋಚ ಬೇಡ. ಹದಿನಾಲ್ಕು ಬಗೆಯ ಅಲರ್ಜಿ ಪದಾರ್ಥಗಳ ಬಗ್ಗೆ ಗಿರಾಕಿಗೆ ಮಾಹಿತಿ ಕೊಡುವುದು ಅಲ್ಲಿ ಕಾನೂನು. ಮೊಟ್ಟೆ, ಹಾಲು, ಮೀನು, ಕಡಲೆಕಾಯಿ, ಎಳ್ಳು ಆ ಪಟ್ಟಿಯಲ್ಲಿವೆ. ಅದಕ್ಕಾಗಿ ಇಟ್ಟ ಪುಸ್ತಕವನ್ನೋ ಪರದೆಯನ್ನೋ ತೋರಿಸುತ್ತಾರೆ. ‘ಮೊಟ್ಟೆ ಇದೆಯೇ’ ಎಂದು ಕೇಳಿದರೆ ಖಚಿತ ಉತ್ತರ ಸಿಗುತ್ತದೆ, ‘ಶುದ್ಧ ಸಸ್ಯಾಹಾರವೇ’ ಎಂದು ಕೇಳಿದರೆ ಅವರಿಗೆ ಅರ್ಥವಾಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಬಿಸಿ ಅಡುಗೆಯಲ್ಲಿ ಆಯ್ಕೆ ತೀರಾ ಕಡಿಮೆ. ಅವರು ಬುತ್ತಿ ಕಟ್ಟಿಕೊಳ್ಳುವುದೇ ಸರಿ.

ಅಡುಗೆಯ ಬಗ್ಗೆ ನೇರವಾಗಿ ಹೇಳಬೇಕೆಂದರೆ, ಮ್ಯೂಸಿಯಂ ಕೆಫೆಗಳ ಬಿಸಿ ಊಟ ನಮ್ಮ ನಾಲಿಗೆಗೆ ಸಪ್ಪೆ. ಹುರಿದ ತರಕಾರಿಯ ಸಲಾಡ್, ಬೇಳೆಕಾಳಿನ ಸಲಾಡ್, ಬ್ರೆಡ್ಡಿನ ಜತೆ ಸೂಪು ಇಷ್ಟರಲ್ಲಿ ಆರಿಸಿದರೆ ನಿರಾಸೆಯಿಲ್ಲ. ನಾನು ಆರಿಸುವುದು ಸ್ಕೋನ್ ಮತ್ತು ಒಂದು ಕುಡಿಕೆ ಚಹಾ. ಸ್ಕೋನ್ ಎಂದರೆ ಮೈದಾ, ಬೆಣ್ಣೆಯ ಗುಂಡು ಬನ್ನು. ಅಡ್ಡಲಾಗಿ ಸೀಳಿ ಜಾಮ್, ಗಟ್ಟಿ ಕೆನೆ ಸವರಿ ತಿನ್ನುವುದು. ಮೇಲೆ ಮೊಟ್ಟೆ ಸವರಿದ್ದಾರೆಯೇ ಎಂದು ಕೇಳಿಕೊಳ್ಳಿ. ಊಟದ ಬೆಲೆ ಕಂಡು ಹಿಂಜರಿಯುವವರೂ ಇದನ್ನು ಕೊಳ್ಳಬಹುದು, ಕೂರುವ ಕೋಣೆ ಎಲ್ಲರಿಗೂ ಒಂದೇ. ಇಬ್ಬರು ಒಂದು ತಟ್ಟೆ ಹಂಚಿಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ, ಇನ್ನೊಂದು ಚಮಚ ನೀವೇ ತೆಗೆದುಕೊಳ್ಳಿ.

ಚಿತ್ರಾನ್ನ, ಚಪಾತಿ ಪಲ್ಯ ಕಟ್ಟಿಕೊಂಡು ಹೋಗುವವರು ಅದನ್ನು ಕೆಫೆಯ ಮೇಜಿನ ಮೇಲೆ ಬಿಚ್ಚುವಂತಿಲ್ಲ. ಬುತ್ತಿ ತಿನ್ನಲು ಎಲ್ಲಿ ಬಿಡುತ್ತಾರೆಂದು ಬಾಗಿಲಿನ ಮಾಹಿತಿ ಮೇಜಿನಲ್ಲಿ ಕೇಳಿ. ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಎರಡರಲ್ಲೂ ಬುತ್ತಿ ತಿನ್ನಲು ಜಾಗಗಳಿವೆ. ಬಿಸಿಲಿದ್ದರೆ ಎಕ್ಸಿಬಿಷನ್ ರೋಡಿನಲ್ಲಿ ಉತ್ತರಕ್ಕೆ ನಡೆದರೆ ರಸ್ತೆ ಮುಗಿಯುವುದೇ ಉದ್ಯಾನದ ಎದುರು. 1851ರ ಗಾಜಿನ ಅರಮನೆ ಇದ್ದದ್ದೂ ಆ ಹೈಡ್ ಪಾರ್ಕಿನಲ್ಲೇ.

ಊಟಕ್ಕೆ ಮೊದಲು ಒಂದು ಹುಲಿ

ಕನ್ನಡಿಗರು ಈ ಕಟ್ಟಡದಲ್ಲಿ ಕೆಫೆಯೊಂದನ್ನೇ ನೋಡಿ ಬರುವಂತಿಲ್ಲ. ಟಿಪ್ಪುವಿನ ಹುಲಿ ಇರುವುದು ಈ ಮ್ಯೂಸಿಯಂನ ಸಂಗ್ರಹದಲ್ಲಿ. ಯುರೋಪಿನವನೊಬ್ಬನ ಮೇಲೆ ಎರಗಿದ, ಹೆಚ್ಚುಕಡಿಮೆ ನಿಜ ಗಾತ್ರದ ಮರದ ಹುಲಿ. ಹೊಟ್ಟೆಯೊಳಗೆ ಊದುವ ಯಂತ್ರ, ಹಿಡಿ ತಿರುಗಿಸಿದರೆ ಹುಲಿಯ ಗುರುಗುಟ್ಟುವಿಕೆಯೂ ಕೆಳಗಿದ್ದವನ ನರಳಾಟವೂ ಕೇಳುತ್ತಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಮೇಲೆ ಅರಮನೆಯಿಂದ ಇದನ್ನು ಸಾಗಿಸಿದರು. 1808ರ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿ ತಿರುಗಿಸಿ ಎಬ್ಬಿಸುವ ಸದ್ದಿಗೆ ಅಲ್ಲಿನ ಗ್ರಂಥಾಲಯದಲ್ಲಿ ಓದುವವರು ರೋಸಿಹೋಗಿದ್ದರು. ಕಂಪನಿ ಹೋಗಿ ಸರ್ಕಾರ ಬಂದಮೇಲೆ ಸೌತ್ ಕೆನ್ಸಿಂಗ್ಟನ್ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಛಾವಣಿ ಕುಸಿದು ಇದರ ಮೇಲೆ ಬಿದ್ದಿತ್ತು, ಆಮೇಲೆ ಜೋಡಿಸಿದರು.

ನೂರು ಪುಟ ಓದಿದರೂ ಆಗದ ಒಂದು ತಳಮಳ ಇದರ ಮುಂದೆ ನಿಂತಾಗ ಆಗುತ್ತದೆ. ಅದಕ್ಕೇ ಇದನ್ನು ಊಟಕ್ಕೆ ಮೊದಲು ನೋಡಿ, ಕಾಲಲ್ಲಿ ಕಸುವಿರುವಾಗ, ಅವಸರವಿಲ್ಲದೆ. ಆಮೇಲೆ ಕೂತು ಮಾತಾಡಲು ಹಸಿರು ಕೋಣೆ ಇದ್ದೇ ಇದೆ. ಒಂದು ಎಚ್ಚರಿಕೆ: ದೊಡ್ಡ ಮ್ಯೂಸಿಯಂಗಳಲ್ಲಿ ಒಂದಲ್ಲ ಒಂದು ಗ್ಯಾಲರಿ ನವೀಕರಣಕ್ಕೆ ಮುಚ್ಚಿರುತ್ತದೆ, ವಸ್ತುಗಳು ಜಾಗ ಬದಲಿಸುತ್ತವೆ. ಹೊರಡುವ ಮೊದಲು ಮ್ಯೂಸಿಯಂನ ಜಾಲತಾಣದ ಸಂಗ್ರಹ ವಿಭಾಗದಲ್ಲಿ ಹುಲಿಯನ್ನು ಹುಡುಕಿದರೆ ಆ ದಿನ ಪ್ರದರ್ಶನದಲ್ಲಿದೆಯೇ, ಯಾವ ಕೋಣೆಯಲ್ಲಿ ಎಂಬುದು ತಿಳಿಯುತ್ತದೆ. ಶ್ರೀರಂಗಪಟ್ಟಣದಿಂದ ಹೋದವರು ಹುಲಿ ಕಾಣದೆ ಮರಳುವಂತಾಗಬಾರದು.

ಉಳಿದ ಕಡೆಗಳು

ಬ್ರಿಟಿಷ್ ಮ್ಯೂಸಿಯಂಗೆ ಹೋಗುವವರೇ ಹೆಚ್ಚು. ಅಲ್ಲಿ 2000ದಲ್ಲಿ ತೆರೆದ ಗ್ರೇಟ್ ಕೋರ್ಟ್ ಎಂಬ ವಿಶಾಲ ಅಂಗಳದ ಮೇಲೆ 3,312 ಗಾಜುಗಳ ಛಾವಣಿ, ಒಂದರಂತೆ ಇನ್ನೊಂದಿಲ್ಲ. ಅದರ ಕೆಳಗೇ ಕೂತು ತಿನ್ನಬಹುದು, ಮೇಲಿನ ಅಂತಸ್ತಿನಲ್ಲಿ ಕೂತರೆ ಗಾಜು ಇನ್ನೂ ಹತ್ತಿರ. ಜನಜಂಗುಳಿ ವಿಪರೀತ, ನಮ್ಮ ಹಿರಿಯರಿಗೆ ಆಯಾಸ. ಮಕ್ಕಳಿರುವ ಕುಟುಂಬಗಳಿಗೆ ವಾರಾಂತ್ಯ ಮತ್ತು ಶಾಲಾ ರಜೆಯಲ್ಲಿ ಬುತ್ತಿ ತಿನ್ನಲು ನೆಲಮಾಳಿಗೆಯಲ್ಲಿ ಜಾಗ ಬಿಡುತ್ತಾರೆ. ಅಮರಾವತಿಯ ಶಿಲ್ಪಗಳು ಇಲ್ಲಿವೆ.

ಥೇಮ್ಸ್ ದಡದ ಟೇಟ್ ಮಾಡರ್ನ್ ಹಳೆಯ ವಿದ್ಯುತ್ ಸ್ಥಾವರ. ಅದರ ಮೇಲಂತಸ್ತಿನ ರೆಸ್ಟೋರೆಂಟಿನಲ್ಲಿ ಊಟಕ್ಕಿಂತ ಕಿಟಕಿ ದೊಡ್ಡದು. ನದಿ, ಮಿಲೆನಿಯಂ ಸೇತುವೆ, ಆಚೆ ಸೇಂಟ್ ಪಾಲ್ಸ್ ಗುಮ್ಮಟ. ಟ್ರಫಾಲ್ಗರ್ ಚೌಕದ ಪಕ್ಕದ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಮೇಲ್ಮಹಡಿಯಲ್ಲೂ ಇಂಥದೇ ನೋಟ, ಅದು ಮೇಜಿಗೆ ಬಡಿಸುವ ದುಬಾರಿ ಜಾಗ, ಮುಂಗಡ ಕಾದಿರಿಸಬೇಕು. ವ್ಯಾಲೇಸ್ ಕಲೆಕ್ಷನ್ನಿನ ಗಾಜಿನ ಛಾವಣಿಯ ಒಳಾಂಗಣ ತಣ್ಣಗಿನ, ಸದ್ದಿಲ್ಲದ ಜಾಗ. ಮದುವೆಯ ದಿನವೋ ಹುಟ್ಟುಹಬ್ಬವೋ ಇದ್ದರೆ ಅಲ್ಲಿಗೆ ಹೋಗಿ.

ಟೇಟ್ ಬ್ರಿಟನ್ನಿನ ಊಟದ ಕೋಣೆಯ ಕಥೆ ಮಾತ್ರ ಬೇರೆ. ಅದರ ಗೋಡೆಗಳ ಸುತ್ತ ರೆಕ್ಸ್ ವಿಸ್ಲರ್ ಎಂಬ ಎಳೆಯ ಕಲಾವಿದ 1926–27ರಲ್ಲಿ ಬರೆದ ಭಿತ್ತಿಚಿತ್ರವಿದೆ. ಅಪರೂಪದ ತಿನಿಸುಗಳನ್ನು ಹುಡುಕಿಕೊಂಡು ಹೊರಟವರ ಕಾಲ್ಪನಿಕ ಯಾತ್ರೆ. ದಶಕಗಳ ಕಾಲ ಲಂಡನ್ನಿನ ಶ್ರೀಮಂತರು ಅದರ ಕೆಳಗೆ ಕೂತು ಉಂಡರು. ಆ ಚಿತ್ರದ ಒಂದು ಮೂಲೆಯಲ್ಲಿ ಕಪ್ಪು ಬಾಲಕನೊಬ್ಬನನ್ನು ಕುತ್ತಿಗೆಗೆ ಸರಪಳಿ ಹಾಕಿ ಎಳೆದೊಯ್ಯುವ ದೃಶ್ಯವಿದೆ. ಚೀನೀಯರನ್ನು ಗೇಲಿಯಾಗಿ ಚಿತ್ರಿಸಿದೆ. 2020ರಲ್ಲಿ ಮುಚ್ಚಿದ ಆ ರೆಸ್ಟೋರೆಂಟನ್ನು ಮತ್ತೆ ಊಟಕ್ಕೆ ತೆರೆಯುವುದಿಲ್ಲ ಎಂದು 2022ರಲ್ಲಿ ಟೇಟ್ ತೀರ್ಮಾನಿಸಿತು. ಚಿತ್ರವನ್ನು ಅಳಿಸಲಿಲ್ಲ. 2024ರಲ್ಲಿ ಕೀತ್ ಪೈಪರ್ ಎಂಬ ಕಲಾವಿದರು ಆ ಚಿತ್ರವನ್ನೇ ಪ್ರಶ್ನೆಗೊಳಪಡಿಸುವ ಚಲನಚಿತ್ರವೊಂದನ್ನು ಅದೇ ಕೋಣೆಯಲ್ಲಿ ಇಟ್ಟರು. ನನಗೆ ಆ ತೀರ್ಮಾನ ಸರಿ ಎನ್ನಿಸುತ್ತದೆ. ಸರಪಳಿಯಲ್ಲಿರುವ ಮಗುವಿನ ಕೆಳಗೆ ಕೂತು ತುತ್ತು ಎತ್ತಲಾಗದು, ಆದರೆ ನಿಂತು ನೋಡಬಹುದು, ನೋಡಲೂಬೇಕು.

ದುಡ್ಡು, ದಾರಿ, ಇತ್ಯಾದಿ

ಹಲವು ಕೆಫೆಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇರಲಿ. ಬೆಲೆಪಟ್ಟಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಮೇಜಿಗೆ ಬಡಿಸುವ ರೆಸ್ಟೋರೆಂಟುಗಳಲ್ಲಿ ಬಿಲ್ಲಿನ ಕೊನೆಗೆ ಸೇವಾ ಶುಲ್ಕ ಸೇರಿಸುವುದುಂಟು, ಲಂಡನ್ನಿನಲ್ಲಿ ಸಾಮಾನ್ಯವಾಗಿ ಶೇ 12.5. ಅದು ಐಚ್ಛಿಕ ಎಂದು ಬರೆದಿದ್ದರೆ ತೆಗೆಸಬಹುದು. ಸೇವೆ ಚೆನ್ನಾಗಿದ್ದರೆ ಕೊಟ್ಟುಬಿಡಿ. 2024ರ ಅಕ್ಟೋಬರಿನಿಂದ ಟಿಪ್ಸ್ ಹಣವೆಲ್ಲ ಕೆಲಸಗಾರರಿಗೇ ಸೇರಬೇಕೆಂಬ ಕಾನೂನು ಬಂದಿದೆ. ನೀರು ಕೇಳುವಾಗ ‘ಟ್ಯಾಪ್ ವಾಟರ್’ ಎಂದೇ ಕೇಳಿ. ಬರೀ ನೀರು ಎಂದರೆ ಬಾಟಲಿ ತಂದು ಬಿಲ್ ಹಾಕುತ್ತಾರೆ. ನಲ್ಲಿಯ ನೀರು ಕುಡಿಯಲು ಯೋಗ್ಯ.

ಜಾಗ ಸಿಗದಾಗ ಅಪರಿಚಿತರ ಮೇಜಿನಲ್ಲಿ ಖಾಲಿ ಕುರ್ಚಿ ಕಂಡರೆ ಕೇಳಿ ಕೂರಬಹುದು, ಅದು ಅಲ್ಲಿ ರೂಢಿ. ಗುಂಪಿನಲ್ಲಿ ಹೋದವರು ಹಿರಿಯರನ್ನು ಮೊದಲೇ ಕೂರಿಸಿ ಉಳಿದವರು ಸಾಲಿಗೆ ನಿಲ್ಲಿ.

ವಿ ಆ್ಯಂಡ್ ಎಗೆ ಹತ್ತಿರದ ನಿಲ್ದಾಣ ಸೌತ್ ಕೆನ್ಸಿಂಗ್ಟನ್. ಪಿಕಡಿಲಿ, ಡಿಸ್ಟ್ರಿಕ್ಟ್, ಸರ್ಕಲ್ ಮಾರ್ಗಗಳು ಬರುತ್ತವೆ. ನಿಲ್ದಾಣದಿಂದ ಮ್ಯೂಸಿಯಂಗಳತ್ತ 1885ರಲ್ಲಿ ಕಟ್ಟಿದ ಪಾದಚಾರಿ ಸುರಂಗವಿದೆ, ಮಳೆಯಲ್ಲಿ ನೆನೆಯದೆ ಹೋಗಬಹುದು. ನಿಲ್ದಾಣದೊಳಗೆ ಮೆಟ್ಟಿಲುಗಳಿವೆ. ಮಂಡಿನೋವಿನವರಿಗೆ ಮ್ಯೂಸಿಯಂ ಬಾಗಿಲಲ್ಲೇ ಇಳಿಸುವ ಬಸ್ಸು ವಾಸಿ. ಸಮಯ ಸ್ವಲ್ಪ ಹೆಚ್ಚಾದರೂ ಮೇಲಂತಸ್ತಿನ ಮುಂದಿನ ಸೀಟಿನಿಂದ ಊರು ಕಾಣುತ್ತದೆ. ದೊಡ್ಡ ಸೂಟ್‌ಕೇಸ್ ಒಯ್ಯಬೇಡಿ, ವಿಮಾನ ನಿಲ್ದಾಣದಿಂದ ನೇರ ಬರುವ ಯೋಚನೆ ಬಿಡಿ.

ಮಕ್ಕಳು ಕೆಲಸಕ್ಕೆ ಹೋಗುವುದರಿಂದ ವಾರದ ದಿನ ಜೊತೆಗೆ ಬರಲಾಗದು ಎಂದು ಶನಿವಾರಕ್ಕೇ ಕಾಯುವವರು ಶುಕ್ರವಾರವನ್ನು ಯೋಚಿಸಿ. ಹಿರಿಯರು ಮಧ್ಯಾಹ್ನ ಎರಡರ ಹೊತ್ತಿಗೆ ತಾವೇ ಬಂದು, ಊಟ ಮಾಡಿ, ಹುಲಿ ನೋಡಿ, ಅಂಗಳದಲ್ಲಿ ಕೂತಿರಲಿ. ಮಕ್ಕಳು ಆಫೀಸು ಮುಗಿಸಿ ಆರೂವರೆಗೆ ಬಂದು ಸೇರಿಕೊಳ್ಳಲಿ. ಆ ದಿನ ಗ್ಯಾಲರಿಗಳು ಹತ್ತರವರೆಗೆ ತೆರೆದಿದ್ದರೂ ಕೆಲವನ್ನು ಬೇಗ ಮುಚ್ಚುವುದುಂಟು, ಕೆಫೆಯ ಅಡುಗೆಯೂ ಮೊದಲೇ ಮುಗಿಯುತ್ತದೆ. ಎಷ್ಟು ಹೊತ್ತಿನವರೆಗೆ ಎಂದು ಒಳಗೆ ಹೋಗುವಾಗಲೇ ಬಾಗಿಲಿನ ಸಿಬ್ಬಂದಿಯನ್ನು ಕೇಳಿಟ್ಟುಕೊಳ್ಳಿ.